ಕೆಳಗಿಳಿದ ಕೊಂಬೆ, ಮೇಲೆದ್ದ ಕುಡಿ

ಕೊಳದ ದಂಡೆಯಲ್ಲಿ ನಿಂತು ತನ್ನ ನೀಳವಾದ ರೆಂಬೆಗಳನ್ನು ನೀರಿನವರೆಗೂ ಇಳಿಬಿಟ್ಟಿರುವ ವಿಲೋ ಮರವನ್ನಾಗಲಿ, ವಸಂತದಲ್ಲಿ ಮೈತುಂಬ ಹೂತು ನೆಲದತ್ತ ಬಾಗಿರುವ ಜಪಾನಿನ ಇಳಿಚೆರಿಯನ್ನಾಗಲಿ ಕಂಡವರು, ಈ ಕೊಂಬೆಗಳು ತಮ್ಮ ಭಾರವನ್ನು ತಾವೇ ತಾಳಲಾರದೆ ಭೂಮಿಯ ಸೆಳೆತಕ್ಕೆ ಒಳಗಾಗಿ ಕೆಳಗಿಳಿದಿವೆಯೆಂದೂ, ಏರುವುದಕ್ಕಿಂತ ಇಳಿಯುವುದು ಸುಲಭವಾದುದರಿಂದ ಇದರಲ್ಲಿ ವಿಚಾರಿಸತಕ್ಕದ್ದೇನೂ ಇಲ್ಲವೆಂದೂ ಭಾವಿಸುವುದು ಸಹಜವೇ ಸರಿ. ಆದರೆ ಅದೇ ರೂಪವನ್ನು ಆಳವಿಲ್ಲದ ಕುಂಡವೊಂದರಲ್ಲಿ ಬೆಳೆದ ಮೊಳದುದ್ದದ ಗಿಡದಲ್ಲಿ ತರಬೇಕೆಂದು ಹೊರಟ ಬೋನ್ಸಾಯ್ ಕಲೆಗಾರನಿಗೆ, ಗಿಡವೆಂಬುದು ಭೂಮಿಯ ಸೆಳೆತವನ್ನು ಸುಮ್ಮನೆ ಸಹಿಸಿಕೊಂಡು ಕೂರುವ ವಸ್ತುವಲ್ಲವೆಂಬ ತಿಳಿವಳಿಕೆ ಮೊದಲ ಋತುವಿನಲ್ಲಿಯೇ ಉಂಟಾಗುತ್ತದೆ. ಎಳೆಯ ರೆಂಬೆಗೆ ತಂತಿ ಸುತ್ತಿ, ಮೃದುವಾಗಿ ಬಗ್ಗಿಸಿ, ಅದರ ಮೊನೆ ನೆಲವನ್ನು ನೋಡುವಂತೆ ಮಾಡಿಟ್ಟರೆ, ಕೆಲವು ದಿನಗಳೊಳಗಾಗಿ ಆ ರೆಂಬೆಯಲ್ಲಿ ಎರಡು ದಿಕ್ಕುಗಳು ಕಾಣಿಸಿಕೊಳ್ಳುತ್ತವೆ. ತಂತಿ ಹಿಡಿದಿರುವಷ್ಟು ಭಾಗ ಕೆಳಮುಖವಾಗಿಯೇ ಉಳಿದಿರುತ್ತದೆ. ತಂತಿ ಎಲ್ಲಿ ಮುಗಿಯಿತೋ ಅಲ್ಲಿಂದ ಮುಂದಕ್ಕೆ ಹೊಸದಾಗಿ ಬೆಳೆದ ಕುಡಿ ತಟ್ಟನೆ ತಿರುಗಿ ಆಕಾಶಕ್ಕೆ ಮುಖ ಮಾಡಿರುತ್ತದೆ. ಮಾಡಿದ ಕೆಲಸ ಕೆಟ್ಟಿತೆಂದು ಕಲೆಗಾರನಿಗೆ ತೋರಬಹುದು. ಗಿಡದ ದೃಷ್ಟಿಯಿಂದ ನೋಡಿದರೆ ಕೆಟ್ಟುದನ್ನು ಅದು ಸರಿಪಡಿಸಿಕೊಂಡಿದೆ. ಈ ಎರಡು ಇಚ್ಛೆಗಳ ನಡುವೆ ನಡೆಯುವ ವ್ಯವಹಾರವೇ ಈ ಅಧ್ಯಾಯದ ವಿಷಯ.

ಕೊಂಬೆಗಳನ್ನು ಇಳಿಬಿಡುವ ಈ ಶೈಲಿಗೆ ಜಪಾನಿನಲ್ಲಿ ‘ಶಿದಾರೆ’ ಎಂಬ ಹೆಸರುಂಟು. 1923ರ ಮಹಾಭೂಕಂಪದ ತರುವಾಯ ಟೋಕಿಯೋ ನಗರವನ್ನು ತೊರೆದ ಬೋನ್ಸಾಯ್ ಕುಶಲಿಗಳು 1925ರಲ್ಲಿ ಓಮಿಯಾ ಎಂಬಲ್ಲಿ ತಮ್ಮದೇ ಆದ ಒಂದು ಗ್ರಾಮವನ್ನು ಕಟ್ಟಿಕೊಂಡರು. ಅಂಥ ಕುಶಲಿಗಳ ತೋಟಗಳಲ್ಲಿ ಪೈನ್ ಮತ್ತು ಜುನಿಪರ್‌ಗಳಿಗೆ ಸಲ್ಲುವ ಪ್ರಧಾನ ಪೀಠ ಶಿದಾರೆಗೆ ದೊರೆಯದಿದ್ದರೂ, ವಿಲೋ, ಇಳಿಚೆರಿ, ವಿಸ್ಟೀರಿಯಾ ಮತ್ತು ಟ್ಯಾಮರಿಸ್ಕ್ ಎಂಬ ನಾಲ್ಕು ಸಸ್ಯಗಳ ಮೂಲಕ ಅದು ತನ್ನ ಸ್ಥಾನವನ್ನು ಉಳಿಸಿಕೊಂಡು ಬಂದಿದೆ. ಇವುಗಳಲ್ಲಿ ಟ್ಯಾಮರಿಸ್ಕನ್ನು ಕುರಿತು ಸ್ವಲ್ಪ ಹೆಚ್ಚಾಗಿ ಹೇಳಬೇಕು. ಜಪಾನಿಗರು ಗ್ಯೋರ್ಯೂ ಎಂದು ಕರೆಯುವ ಈ ಗಿಡ ಮೂಲತಃ ಚೀನಾದ್ದು. ಉಪ್ಪು ಸೇರಿದ ನೆಲದಲ್ಲಿಯೂ ನಿಶ್ಚಿಂತೆಯಿಂದ ಬೆಳೆಯಬಲ್ಲುದು. ಅದರ ಎಲೆಗಳು ಎಲೆಗಳೆನ್ನುವುದಕ್ಕೆ ಸಂಕೋಚವಾಗುವಷ್ಟು ಚಿಕ್ಕವು. ಕಡ್ಡಿಗೆ ಒತ್ತಿಕೊಂಡ ಹುರುಪೆಗಳಾಗಿ ಕಾಣುವ ಅವುಗಳ ಮೇಲೆ ಸೂಕ್ಷ್ಮವಾದ ಗ್ರಂಥಿಗಳಿದ್ದು, ಬೇರು ಹೀರಿಕೊಂಡ ಹೆಚ್ಚಿನ ಉಪ್ಪನ್ನು ಆ ಗ್ರಂಥಿಗಳು ಹೊರಹಾಕುತ್ತವೆ. ಆ ಉಪ್ಪಿನ ಕಣಗಳು ಒಣ ಹವೆಯಲ್ಲಿ ಎಲೆಯ ಮೇಲೆಯೇ ಹರಳುಗಟ್ಟುತ್ತವೆ. ದೂರದಿಂದ ನೋಡಿದರೆ ಇಡೀ ರೆಂಬೆ ತೆಳುಹಸಿರು ನೂಲುಗಳ ಗೊಂಚಲಾಗಿ ತೋರುವುದರಿಂದ, ಅಗಲವಾದ ಎಲೆಯುಳ್ಳ ಯಾವ ಗಿಡಕ್ಕೂ ಸಾಧ್ಯವಾಗದ ಪ್ರಮಾಣಶುದ್ಧಿ, ಎಂದರೆ ಚಿಕ್ಕ ಗಿಡವೊಂದು ನಿಜವಾದ ಮಹಾವೃಕ್ಷವಾಗಿ ಕಾಣುವ ಗುಣ, ಈ ಗಿಡಕ್ಕೆ ಒಲಿದುಬಂದಿದೆ. ಚೀನಾದ ಹೆನಾನ್ ಪ್ರಾಂತದ ಕಲೆಗಾರರು ಈ ಗಿಡವನ್ನೇ ಹಿಡಿದು, ನದೀತೀರದ ವಿಲೋ ಮರಗಳ ಭಾವವನ್ನು ಅದರಲ್ಲಿ ತಂದು, ತಮ್ಮ ಪ್ರಾಂತಕ್ಕೊಂದು ಪ್ರತ್ಯೇಕ ಶೈಲಿಯನ್ನೇ ಗಳಿಸಿಕೊಟ್ಟಿದ್ದಾರೆ. ಗಮನಿಸಬೇಕಾದ ಸಂಗತಿಯೆಂದರೆ, ಸ್ವಭಾವದಿಂದ ಟ್ಯಾಮರಿಸ್ಕ್ ಇಳಿಗೊಂಬೆಯ ಮರವೇ ಅಲ್ಲ. ಅದರ ಹೊಸ ಚಿಗುರುಗಳೆಲ್ಲ ಮೇಲ್ಮುಖವಾಗಿಯೇ ಹೊರಡುತ್ತವೆ. ಅದರಲ್ಲಿ ನಾವು ಕಾಣುವ ಇಳಿತವೆಲ್ಲ ಮನುಷ್ಯನ ಕೈಯದು.

ಮೇಲು ಯಾವುದು, ಕೆಳಗು ಯಾವುದು ಎಂಬುದು ಕಣ್ಣಿಲ್ಲದ ಕುಡಿಗೆ ತಿಳಿಯುವುದಾದರೂ ಹೇಗೆ? ಸೂರ್ಯನ ಬೆಳಕು ದಾರಿ ತೋರುತ್ತದೆಯೆಂಬ ಉತ್ತರ ಅರ್ಧ ಸತ್ಯ ಮಾತ್ರ. ಏಕೆಂದರೆ ಗಾಢಾಂಧಕಾರದಲ್ಲಿಟ್ಟ ಮೊಳಕೆಯೂ ಮೇಲಕ್ಕೇ ಏರುತ್ತದೆ. 1806ರಲ್ಲಿ ಥಾಮಸ್ ಆಂಡ್ರ್ಯೂ ನೈಟ್ ಎಂಬ ಇಂಗ್ಲಿಷ್ ತೋಟಗಾರಿಕೆಯ ಪಂಡಿತನು ತನ್ನ ತೋಟದ ತೊರೆಯ ನೀರಿನಿಂದ ತಿರುಗುವ ಚಕ್ರವೊಂದನ್ನು ರಚಿಸಿ, ಅದರ ಅಂಚಿಗೆ ಮೊಳೆಯುತ್ತಿರುವ ಹುರುಳಿಕಾಯಿಯ ಬೀಜಗಳನ್ನು ಕಟ್ಟಿ ನೋಡಿದನು. ಲಂಬವಾಗಿ ನಿಂತು ನಿರಂತರವಾಗಿ ಸುತ್ತುವ ಆ ಚಕ್ರದಲ್ಲಿ ಬೀಜಕ್ಕೆ ಮೇಲು ಕೆಳಗುಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದುದರಿಂದ ಭೂಮಿಯ ಸೆಳೆತಕ್ಕೆ ನಿಶ್ಚಿತವಾದ ದಿಕ್ಕೇ ಇಲ್ಲದಂತಾಯಿತು. ಉಳಿದದ್ದು ಚಕ್ರದ ವೇಗದಿಂದ ಹುಟ್ಟಿದ, ಅಂಚಿನಿಂದ ಹೊರಕ್ಕೆ ತಳ್ಳುವ ಬಲವೊಂದೇ. ಬೇರುಗಳೆಲ್ಲ ಹೊರಕ್ಕೂ ಕುಡಿಗಳೆಲ್ಲ ಚಕ್ರದ ನಾಭಿಯ ಕಡೆಗೂ ಬೆಳೆದುದನ್ನು ಕಂಡು, ಸಸ್ಯವು ಅನುಸರಿಸುವುದು ಭಾರದ ದಿಕ್ಕನ್ನು, ಮತ್ತು ಆ ಭಾರ ಭೂಮಿಯದೇ ಆಗಿರಬೇಕೆಂಬ ನಿಯಮವಿಲ್ಲ ಎಂದು ನೈಟ್ ನಿರ್ಧರಿಸಿದನು. ಇಷ್ಟು ಸರಳವಾದ ಉಪಕರಣದಿಂದ ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ದೊರೆತ ನಿದರ್ಶನಗಳು ವಿಜ್ಞಾನದ ಇತಿಹಾಸದಲ್ಲಿ ಹೆಚ್ಚಿಲ್ಲ.

ಭಾರವನ್ನು ಅರಿಯುವ ಅಂಗ ಯಾವುದೆಂಬುದನ್ನು ತಿಳಿಯಲು ಮತ್ತೆ ಸುಮಾರು ಒಂದು ಶತಮಾನ ಹಿಡಿಯಿತು. 1900ರಲ್ಲಿ ಹ್ಯಾಬರ್ಲಾಂಡ್ಟ್ ಮತ್ತು ನೆಮೆಟ್ಸ್ ಎಂಬ ಇಬ್ಬರು ಸಸ್ಯಶಾಸ್ತ್ರಜ್ಞರು, ಒಬ್ಬರನ್ನೊಬ್ಬರು ಅವಲಂಬಿಸದೆ, ಒಂದೇ ಸಿದ್ಧಾಂತವನ್ನು ಮುಂದಿಟ್ಟರು. ಕಾಂಡದೊಳಗೆ ರಸವಾಹಿನಿಗಳನ್ನು ಸುತ್ತುವರಿದಿರುವ ಅಂತಶ್ಚರ್ಮವೆಂಬ ಕೋಶಪದರದಲ್ಲಿ ಪಿಷ್ಟದಿಂದ ತುಂಬಿದ ಕಣಗಳಿವೆ. ಇವು ಕೋಶದ್ರವಕ್ಕಿಂತ ಭಾರವಾದುದರಿಂದ, ನೀರಿನಲ್ಲಿ ಕಲಕಿಬಿಟ್ಟ ಅಕ್ಕಿ ಪಾತ್ರೆಯ ತಳಕ್ಕಿಳಿಯುವಂತೆ, ಕೋಶದ ತಳಕ್ಕೆ ಇಳಿದು ಕೂರುತ್ತವೆ. ಕುಡಿಯನ್ನು ಅಡ್ಡಲಾಗಿ ಮಲಗಿಸಿದರೆ ಕಣಗಳು ಹಿಂದೆ ಪಕ್ಕವಾಗಿದ್ದ ಭಿತ್ತಿಯ ಮೇಲೆ ಬಂದು ಕೂರುತ್ತವೆ. ಆ ಭಿತ್ತಿಯೇ ಈಗ ತಳವೆಂಬ ಸೂಚನೆ ಕೋಶಕ್ಕೆ ತಲುಪುತ್ತದೆ. ಮುಂದೆ, 1920ರ ದಶಕದ ಕೊನೆಯ ಭಾಗದಲ್ಲಿ, ಕೀವ್ ನಗರದ ಖೊಲೋದ್ನಿ ಮತ್ತು ಹಾಲೆಂಡಿನ ವೆಂಟ್ ಇವರ ವಿಚಾರಗಳಿಂದ ಕಥೆಯ ಉತ್ತರಾರ್ಧ ದೊರೆಯಿತು: ಕುಡಿಯ ತುದಿಯಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಬೆಳವಣಿಗೆಯ ರಸ, ಮಲಗಿದ ಕುಡಿಯಲ್ಲಿ ಕೆಳಮೈಯ ಕಡೆಗೆ ಹೆಚ್ಚಾಗಿ ಸೇರುತ್ತದೆ, ಕೆಳಮೈಯ ಕೋಶಗಳು ಮೇಲ್ಮೈಯವಕ್ಕಿಂತ ಬೇಗ ಉದ್ದವಾಗುತ್ತವೆ, ಒಂದು ಮೈ ಉದ್ದವಾಗಿ ಇನ್ನೊಂದು ಹಿಂದುಳಿದಾಗ ಕುಡಿ ಮೇಲಕ್ಕೆ ಬಾಗದೆ ವಿಧಿಯಿಲ್ಲ. ತಂತಿಯಾಚೆಗಿನ ಎಳೆಯ ತುದಿ ಆಕಾಶಕ್ಕೆ ತಿರುಗುವುದು ಈ ಕಾರಣದಿಂದ.

ಹಾಗಾದರೆ ಎಲ್ಲ ಕೊಂಬೆಗಳೂ ನೇರವಾಗಿ ಮೇಲಕ್ಕೇ ಏಕೆ ಹೋಗುವುದಿಲ್ಲವೆಂಬ ಸಂದೇಹ ಬರುವುದು ಯುಕ್ತವೇ. ಒಂದು ಗಿಡದ ಪ್ರತಿಯೊಂದು ಅಂಗಕ್ಕೂ ತನ್ನದೇ ಆದ ಒಂದು ನಿಯತ ಕೋನವುಂಟೆಂದೂ, ಆ ಕೋನದಿಂದ ಸರಿಸಿದರೆ ಆ ಅಂಗವು ಮತ್ತೆ ಅದೇ ಕೋನಕ್ಕೆ ಮರಳಲು ಯತ್ನಿಸುತ್ತದೆಯೆಂದೂ 1995ರಲ್ಲಿ ಡಿಗ್ಬಿ ಮತ್ತು ಫರ್ನ್ ಎಂಬ ವಿಜ್ಞಾನಿಗಳು ಸ್ಪಷ್ಟವಾಗಿ ಪ್ರತಿಪಾದಿಸಿದರು. ನಮ್ಮ ಬೆಂಗಳೂರು ಮೈಸೂರುಗಳ ಬೀದಿಗಳಲ್ಲಿಯೂ ಶಾಲೆಗಳ ಆವರಣಗಳಲ್ಲಿಯೂ ಸಾಲುಗಟ್ಟಿ ನಿಲ್ಲಿಸಿರುವ ಕಂಬದ ಅಶೋಕವನ್ನು, ಎಂದರೆ ಉಬ್ಬಿನ ಮರದ ಇಳಿಗೊಂಬೆಯ ಬಗೆಯನ್ನು, ಈ ದೃಷ್ಟಿಯಿಂದ ನೋಡಬೇಕು. ಅದರ ಕಾಂಡ ಅಳತೆಗೋಲಿಟ್ಟಷ್ಟು ನೆಟ್ಟಗೆ ಮೇಲೇರಿದ್ದರೆ, ಅದೇ ಕಾಂಡದಿಂದ ಹೊರಟ ಕೊಂಬೆಗಳೆಲ್ಲವೂ ಮೈಗೆ ಅಂಟಿಕೊಂಡು ಕೆಳಗಿಳಿದಿವೆ. ಒಂದೇ ಬೀಜ, ಒಂದೇ ರಸ, ಒಂದೇ ಭೂಮಿ, ಆದರೂ ಕಾಂಡದ ಕೋನ ಬೇರೆ, ಕೊಂಬೆಯ ಕೋನ ಬೇರೆ. ಭಾರದಿಂದಲೇ ಕೊಂಬೆ ಇಳಿಯುವುದಾಗಿದ್ದರೆ ಬೆರಳುಗಾತ್ರದ ಆ ಕೊಂಬೆಗಳು ಹೊರಟ ಸ್ಥಳದಲ್ಲಿಯೇ ಕೆಳಗೆ ತಿರುಗಬೇಕಾದ ಅಗತ್ಯವಿರಲಿಲ್ಲ.

ಎಳೆಯ ಕುಡಿಯ ಮಾತು ಇಷ್ಟಾಯಿತು. ಒಮ್ಮೆ ಕಟ್ಟಿಗೆಯಾಗಿ ಬಲಿತ ಕೊಂಬೆಯಲ್ಲಿ ಕೋಶಗಳು ಉದ್ದವಾಗಲಾರವು. ಆದರೂ ಅದು ನಿಶ್ಚೇಷ್ಟವಲ್ಲ. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಕೇಂಬಿಯಂ ಎಂಬ ತೆಳುವಾದ ಜೀವಂತ ಪದರ ಪ್ರತಿವರ್ಷವೂ ಹೊಸ ಕಟ್ಟಿಗೆಯನ್ನು ಹಾಕುತ್ತಿರುವುದಷ್ಟೆ. ಕೊಂಬೆ ತನ್ನ ನಿಯತ ಕೋನದಿಂದ ಸರಿದಾಗ ಆ ಪದರವು ಸಾಮಾನ್ಯವಾದ ಕಟ್ಟಿಗೆಯ ಬದಲು ವಿಶೇಷವಾದ ಕಟ್ಟಿಗೆಯನ್ನು ನಿರ್ಮಿಸುತ್ತದೆ. ವಿಲೋ, ಚೆರಿ, ಟ್ಯಾಮರಿಸ್ಕ್ ಮುಂತಾದ ಅಗಲೆಲೆಯ ವರ್ಗದ ಮರಗಳ ಪೈಕಿ ಅನೇಕವು ಇದನ್ನು ಕೊಂಬೆಯ ಮೇಲ್ಮೈಯಲ್ಲಿ ಕಟ್ಟುತ್ತವೆ. ಆ ಕಟ್ಟಿಗೆಯ ನಾರುಗಳ ಒಳಮೈಯಲ್ಲಿ ಬಹುತೇಕ ಶುದ್ಧ ಸೆಲ್ಯುಲೋಸಿನಿಂದಾದ ಲೋಳೆಯಂಥ ಪದರವೊಂದಿದ್ದು, ಅದರ ಎಳೆಗಳು ಕೊಂಬೆಯ ಉದ್ದಕ್ಕೆ ಸಮಾನಾಂತರವಾಗಿ ಹಾಸಿಕೊಂಡಿರುತ್ತವೆ. ಅದು ಬಲಿಯುತ್ತ ಬಂದಂತೆ ಉದ್ದಕ್ಕೂ ಸಂಕೋಚಗೊಳ್ಳುತ್ತ ಕೊಂಬೆಯನ್ನು ಮೇಲಕ್ಕೆ ಎಳೆಯುತ್ತದೆ. ಪೈನ್, ಜುನಿಪರ್ ಮುಂತಾದ ಸೂಚಿಪರ್ಣಿಗಳು ಇದಕ್ಕೆ ವಿಪರೀತವಾದ ಮಾರ್ಗವನ್ನು ಹಿಡಿದಿವೆ. ಅವು ಕೆಳಮೈಯಲ್ಲಿ ಲಿಗ್ನಿನ್ ಹೆಚ್ಚಾಗಿ ಸೇರಿದ ಗಡಸಾದ ಕಟ್ಟಿಗೆಯನ್ನು ಹಾಕಿ ಕೊಂಬೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತವೆ. ಮಾಂಸಖಂಡವಿಲ್ಲದ ಜೀವಿಯೊಂದು ತನ್ನ ಕಟ್ಟಿಗೆಯಿಂದಲೇ ಎಳೆತವನ್ನೂ ತಳ್ಳುವಿಕೆಯನ್ನೂ ಸಾಧಿಸಿಕೊಂಡಿರುವುದು ಸಸ್ಯಲೋಕದ ಪರಮಾಶ್ಚರ್ಯಗಳಲ್ಲಿ ಒಂದೆಂದೇ ನನ್ನ ಭಾವನೆ.

ಪ್ರಕೃತಿಯಲ್ಲಿಯೇ ಇಳಿಗೊಂಬೆಯಾಗಿ ಹುಟ್ಟುವ ಮರಗಳು ಈ ವ್ಯವಸ್ಥೆಯ ಯಾವುದೋ ಒಂದು ಕೊಂಡಿ ಸಡಿಲಿದವುಗಳು. ಯಾವ ಕೊಂಡಿಯೆಂಬುದು ಮರಕ್ಕೆ ಮರಕ್ಕೆ ಬೇರೆ. ಜಪಾನಿನಲ್ಲಿ ಬಹುಕಾಲದಿಂದ ಬೆಳೆಸಿಕೊಂಡು ಬಂದಿರುವ ಒಂದು ಇಳಿಬಳ್ಳಿಯ ಅಸಗಾವೋ, ಎಂದರೆ ಬೆಳಗ್ಗೆ ಅರಳುವ ಒಂದು ಬಗೆಯ ಬಳ್ಳಿಹೂವು, ಮೇಲಕ್ಕೂ ಏರದೆ ಆಧಾರಕ್ಕೂ ಸುತ್ತಿಕೊಳ್ಳದೆ ಕೆಳಗೆ ಜೋಲುವುದನ್ನು ಪರೀಕ್ಷಿಸಿದ ವಿಜ್ಞಾನಿಗಳು, ಒಂದು ಜೀನಿನ ದೋಷದಿಂದ ಅದರ ಕಾಂಡದಲ್ಲಿ ಅಂತಶ್ಚರ್ಮವೇ ಸರಿಯಾಗಿ ರೂಪುಗೊಂಡಿಲ್ಲವೆಂದು 2005ರಲ್ಲಿ ಪ್ರಕಟಿಸಿದರು; ಪಿಷ್ಟಕಣಗಳು ಕೂರತಕ್ಕ ಮನೆಯೇ ಇಲ್ಲದ ಮೇಲೆ ಆ ಬಳ್ಳಿಗೆ ಮೇಲು ಕೆಳಗುಗಳ ಅರಿವು ಬರುವುದೆಲ್ಲಿಂದ? ಇಳಿಚೆರಿಯ ಸಂಗತಿ ಇದಲ್ಲ. 1990ರ ದಶಕದಲ್ಲಿ ಜಪಾನಿನ ಸಂಶೋಧಕರು ಅದರ ಎಳೆಯ ಚಿಗುರುಗಳಿಗೆ ಜಿಬ್ಬರೆಲಿನ್ ಎಂಬ ಇನ್ನೊಂದು ಸಸ್ಯರಸವನ್ನು ಕೊಟ್ಟಾಗ, ಇಳಿಯಬೇಕಾಗಿದ್ದ ಆ ಚಿಗುರುಗಳು ನೆಟ್ಟಗೆ ಮೇಲೆದ್ದು ಬೆಳೆದವು. ದಿಕ್ಕನ್ನು ಅರಿಯುವ ಶಕ್ತಿ ಅಲ್ಲಿ ಅಳಿದಿರಲಿಲ್ಲ, ಅರಿತುದನ್ನು ಸಾಧಿಸುವುದಕ್ಕೆ ಬೇಕಾದ ಎಳೆತದ ಕಟ್ಟಿಗೆ ಕಾಲಕ್ಕೆ ಸರಿಯಾಗಿ ಒದಗುತ್ತಿರಲಿಲ್ಲವೆಂದು ಇದರಿಂದ ಊಹಿಸಬಹುದು. 2018ರಲ್ಲಿ ಪೀಚ್ ಮರದ ಇಳಿಗೊಂಬೆಗೆ ಕಾರಣವಾದ ಜೀನನ್ನು ಗುರುತಿಸಿದಾಗ ಕಂಡದ್ದು ಮತ್ತೂ ಬೇರೆ. ಆ ಜೀನಿನ ಒಂದು ತುಂಡು ಲೋಪವಾಗಿರುವ ಮರದಲ್ಲಿ ಕೊಂಬೆಗಳು ಎಳವೆಯಿಂದಲೇ ಹೊರಕ್ಕೂ ಕೆಳಕ್ಕೂ ಬೆಳೆಯುತ್ತವೆ.

ಕಲೆಗಾರನ ಕೈಯಲ್ಲಿರುವ ಟ್ಯಾಮರಿಸ್ಕಿಗೆ ಇಂಥ ಯಾವ ಲೋಪವೂ ಇಲ್ಲ. ಅದರ ಪಿಷ್ಟಕಣಗಳು, ಆಕ್ಸಿನ್, ಎಳೆತದ ಕಟ್ಟಿಗೆ ಎಲ್ಲವೂ ತಮ್ಮ ತಮ್ಮ ಕರ್ತವ್ಯದಲ್ಲಿ ಜಾಗರೂಕವಾಗಿವೆ. ಅವುಗಳನ್ನು ಮೀರಿಯೇ ಅವನು ಇಳಿತವನ್ನು ಸಾಧಿಸಬೇಕು. ಇದಕ್ಕಾಗಿ ಅವನು ಹಿಡಿಯುವ ಕ್ರಮವನ್ನು ಹತ್ತಿರದಿಂದ ನೋಡೋಣ. ಚಳಿಗಾಲದಲ್ಲಿ ಎಲೆಯುದುರಿದ ಬಳಿಕ, ಹಿಂದಿನ ವರ್ಷದ ಇಳಿರೆಂಬೆಗಳನ್ನು ಬುಡದ ಕೆಲವೇ ಕಣ್ಣುಗಳನ್ನು ಉಳಿಸಿ ಕತ್ತರಿಸಿಬಿಡುತ್ತಾನೆ. ಉಳಿಸತಕ್ಕ ಕಣ್ಣು ರೆಂಬೆಯ ಮೇಲ್ಮೈಯಲ್ಲಿರಬೇಕೇ ಹೊರತು ಕೆಳಮೈಯಲ್ಲಿರಕೂಡದು. ಕೊಂಬೆಯನ್ನು ಇಳಿಸಬೇಕಾದವನು ಮೇಲೇರುವ ಕಣ್ಣನ್ನೇ ಆರಿಸಿಕೊಳ್ಳುವುದು ವಿರೋಧಾಭಾಸವಾಗಿ ತೋರಬಹುದು. ಆದರೆ ವಿಲೋ, ಇಳಿಚೆರಿಗಳಂಥ ನಿಜವಾದ ಇಳಿಮರವೊಂದನ್ನು ನೋಡಿದವರಿಗೆ ಗೊತ್ತು, ಅದರ ಕೊಂಬೆ ಕಾಂಡದಿಂದ ಹೊರಟ ಕೂಡಲೇ ಕೆಳಗೆ ಬೀಳುವುದಿಲ್ಲ. ಮೊದಲು ಸ್ವಲ್ಪ ದೂರ ಮೇಲಕ್ಕೂ ಹೊರಕ್ಕೂ ಹೋಗಿ, ಕಮಾನಾಗಿ ಬಾಗಿ, ಅನಂತರ ಇಳಿಯುತ್ತದೆ. ಆ ಏರಿಕೆಯಿಲ್ಲದ ಇಳಿತಕ್ಕೆ ಗಾಂಭೀರ್ಯವಿರುವುದಿಲ್ಲ. ಅದು ಒಣಗಿ ಜೋತ ಗಿಡವಾಗಿ ಕಾಣುತ್ತದೆ. ವಸಂತದಲ್ಲಿ ಆ ಕಣ್ಣುಗಳಿಂದ ಹೊರಟ ಚಿಗುರುಗಳನ್ನು ನೇರವಾಗಿ ಮೇಲಕ್ಕೇ ಬೆಳೆಯಬಿಡುತ್ತಾನೆ. ಅವು ಗೇಣುದ್ದವಾಗಿ, ಬುಡದಲ್ಲಿ ಹಸುರು ಮಾಸಿ ಕಂದುಬಣ್ಣ ತಿರುಗುವ ಹೊತ್ತು ತಂತಿಗೆ ತಕ್ಕ ಕಾಲ. ಅದಕ್ಕಿಂತ ಮೊದಲು ಕೈಹಾಕಿದರೆ ಚಿಗುರು ಬುಡದಿಂದ ಕಿತ್ತುಬರುತ್ತದೆ. ತಡವಾದರೆ ಬಲಿತು ಸೀಳುತ್ತದೆ.

ತಂತಿ ಕಾಯಿಸಿ ಮೆತ್ತಗಾಗಿಸಿದ ತಾಮ್ರದ್ದಿರಬಹುದು, ಅಲ್ಯೂಮಿನಿಯಂ ಆಗಿರಬಹುದು. ಕಾಯಿಸಿದ ತಾಮ್ರಕ್ಕೆ ಒಂದು ಗುಣವುಂಟು: ಬಗ್ಗಿಸಿದಷ್ಟೂ ಅದು ಗಡುಸಾಗುತ್ತದೆ, ಆದುದರಿಂದ ತೆಳುವಾದ ತಂತಿಯೂ ಕೊಂಬೆಯನ್ನು ಬಿಗಿಯಾಗಿ ಹಿಡಿದಿಡುತ್ತದೆ, ಅಲ್ಯೂಮಿನಿಯಂ ಮೆತ್ತಗಿದ್ದು ಕಲಿಯುವವರ ಕೈಗೆ ಹೊಂದುತ್ತದೆ. ತಂತಿಯ ದಪ್ಪ ರೆಂಬೆಯ ದಪ್ಪದ ಸುಮಾರು ಮೂರರಲ್ಲೊಂದು ಭಾಗವಿದ್ದು, ಸುತ್ತು ರೆಂಬೆಗೆ ಸುಮಾರು 45 ಅಂಶಗಳ ಓರೆಯಲ್ಲಿ ಸಾಗಬೇಕು. ಎಲ್ಲಿ ಬಾಗು ಬರಬೇಕೋ ಅಲ್ಲಿ ತಂತಿ ಬಾಗಿನ ಹೊರಮೈಯ ಮೇಲೆ ಹಾದುಹೋಗಬೇಕೆಂಬ ನಿಯಮಕ್ಕೆ ಭೌತಶಾಸ್ತ್ರದ ಆಧಾರವಿದೆ: ಕೆಳಕ್ಕೆ ಬಗ್ಗಿಸಿದಾಗ ಒಳಮೈಯ ನಾರುಗಳು ಒತ್ತಿಕೊಳ್ಳುತ್ತವೆ, ಹೊರಮೈಯವು ಹಿಗ್ಗುತ್ತವೆ, ಮತ್ತು ಹರಿಯುವುದು ಹಿಗ್ಗಿದ ಮೈಯೇ, ಅಲ್ಲಿ ತಂತಿಯ ಆಸರೆಯಿದ್ದರೆ ಸೀಳು ಬೀಳುವುದಿಲ್ಲ. ಇಷ್ಟಾದರೂ ರೆಂಬೆಯ ಉದ್ದಕ್ಕೂ ತುದಿಯವರೆಗೆ ತಂತಿ ಸುತ್ತುವುದು ಬಲ್ಲವರ ಪದ್ಧತಿಯಲ್ಲ. ಬುಡವನ್ನೂ ಕಮಾನನ್ನೂ ಹಿಡಿದು, ತುದಿಯನ್ನು ಅದರ ಪಾಡಿಗೆ ಬಿಡುತ್ತಾರೆ; ಅದು ಒಂದಿಷ್ಟು ಮೇಲಕ್ಕೆ ತಿರುಗಿದರೂ, ಉದ್ದವಾಗುತ್ತ ಬಂದ ತೆಳುರೆಂಬೆಯನ್ನು ಅದರ ಭಾರವೇ ಮತ್ತೆ ಇಳಿಸುತ್ತದೆ. ದಪ್ಪ ಸಮನಾಗಿದ್ದರೆ, ಅಡ್ಡಲಾಗಿ ಚಾಚಿದ ಕಡ್ಡಿಯ ತುದಿ ಸ್ವಂತ ಭಾರಕ್ಕೆ ಎಷ್ಟು ಇಳಿಯುತ್ತದೆಂಬುದು ಉದ್ದದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಉದ್ದ ಇಮ್ಮಡಿಯಾದರೆ ಇಳಿತ 16 ಪಟ್ಟು. ವಿಲೋ ಮರದ ನೀಳವಾದ ರೆಂಬೆಗಳ ಚೆಲುವಿಗೂ ಈ ಗಣಿತದ ನೆರವಿದೆ.

ತಂತಿಯನ್ನು ಯಾವಾಗ ತೆಗೆಯಬೇಕೆಂಬ ಪ್ರಶ್ನೆಗೂ ಗಣಿತವೇ ಉತ್ತರ ಕೊಡುತ್ತದೆ. ಬಾಗಿಸುವ ಹೊತ್ತಿಗೆ ರೆಂಬೆಯಲ್ಲಿದ್ದ ಹಳೆಯ ಕಟ್ಟಿಗೆ ನೆಟ್ಟಗಾಗಲು ಹವಣಿಸುತ್ತಲೇ ಇರುತ್ತದೆ. ಬಾಗಿದ ಸ್ಥಿತಿಯಲ್ಲಿಯೇ ಕೇಂಬಿಯಂ ಹಾಕಿದ ಹೊಸ ಕಟ್ಟಿಗೆಗೆ ಬಾಗಿರುವುದೇ ಸಹಜ ಸ್ಥಿತಿ. ಕಡ್ಡಿಯ ಬಿಗಿ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾದುದರಿಂದ, 5 ಮಿಲಿಮೀಟರ್ ವ್ಯಾಸದ ರೆಂಬೆ 6 ಮಿಲಿಮೀಟರ್ ಆದರೆ ಅದರ ಬಿಗಿ ಇಮ್ಮಡಿಗಿಂತ ತುಸು ಹೆಚ್ಚಾಗುತ್ತದೆ. ಆಗ ತಂತಿ ಬಿಚ್ಚಿದರೆ, ಬೇರೆ ಕಾರಣಗಳನ್ನು ಬದಿಗಿಟ್ಟು ಲೆಕ್ಕ ಹಾಕಿದಲ್ಲಿ, ಬಾಗಿನ ಅರ್ಧದಷ್ಟು ಹಿಂದಕ್ಕೆ ಹೋಗುತ್ತದೆ. 7 ಮಿಲಿಮೀಟರ್ ಆಗುವವರೆಗೆ ತಾಳಿದರೆ ಹಿಂದಕ್ಕೆ ಹೋಗುವುದು ನಾಲ್ಕರಲ್ಲೊಂದು ಭಾಗ ಮಾತ್ರ. ಆದರೆ ದಪ್ಪವಾಗುವ ರೆಂಬೆಯೊಳಕ್ಕೆ ತಂತಿ ಕಚ್ಚಿಕೊಳ್ಳುತ್ತದೆ, ಅದರ ಸುರುಳಿಯ ಗುರುತು ತೊಗಟೆಯಲ್ಲಿ ಬಹುವರ್ಷ ಉಳಿಯುತ್ತದೆ. ಆದುದರಿಂದ ಕಚ್ಚುವ ಮೊದಲೇ, ಬಿಚ್ಚುವ ಗೋಜಿಗೆ ಹೋಗದೆ ಸುತ್ತುಸುತ್ತಾಗಿ ಕತ್ತರಿಸಿ ತಂತಿಯನ್ನು ತೆಗೆದು, ಬೇಕಾದರೆ ಬೇರೆ ಜಾಗದಲ್ಲಿ ಮತ್ತೆ ಸುತ್ತುವುದೇ ಸರಿಯಾದ ಮಾರ್ಗ. ಬೇಗ ದಪ್ಪವಾಗುವ ಟ್ಯಾಮರಿಸ್ಕಿಗೆ ಒಂದು ಬೆಳೆಗಾಲದ ಕೆಲವು ತಿಂಗಳುಗಳು ಸಾಕು. ಮಂದಗತಿಯ ಸೂಚಿಪರ್ಣಿಗಳಿಗೆ ವರ್ಷಗಳೇ ಬೇಕಾದಾವು.

ತಂತಿಯ ತೊಂದರೆಯೇ ಬೇಡವೆಂದು ರೆಂಬೆಯ ತುದಿಗೆ ಸೀಸದ ಗುಂಡನ್ನೋ ಕಲ್ಲನ್ನೋ ತೂಗಿಬಿಡುವವರೂ ಉಂಟು. ಆ ಪದ್ಧತಿಯನ್ನು ನಾನು ಮೆಚ್ಚಲಾರೆ. ಗಾಳಿಗೆ ತೂಗುವ ಭಾರ ರೆಂಬೆಯ ಬುಡವನ್ನು ಹಗಲಿರುಳು ಅಲುಗಿಸುತ್ತದೆ. ಎಲ್ಲ ರೆಂಬೆಗಳೂ ಒಂದೇ ಬಗೆಯಾಗಿ ಬಾಗಿ ಗಿಡಕ್ಕೆ ಜೀವಕಳೆಯೇ ಇಲ್ಲದಂತಾಗುತ್ತದೆ. ಕುಂಡದ ಅಂಚಿಗೆ ದಾರದಿಂದ ಎಳೆದುಕಟ್ಟುವುದು ಇದಕ್ಕಿಂತ ಎಷ್ಟೋ ಮೇಲು.

ಬಾಗಿಸಿದ ರೆಂಬೆಯಲ್ಲಿ ಇನ್ನೊಂದು ಪರಿಣಾಮವೂ ಕಂಡುಬರುತ್ತದೆ. ನೆಟ್ಟಗಿರುವ ಕುಡಿಯ ತುದಿ ತನ್ನ ಕೆಳಗಿನ ಕಣ್ಣುಗಳನ್ನು ಎಚ್ಚರಗೊಳ್ಳಗೊಡದೆ ಅಡಗಿಸಿಟ್ಟಿರುತ್ತದೆ. ಈ ಒಡೆತನದಲ್ಲಿ ಆಕ್ಸಿನ್ನಿಗೆ ಪಾಲುಂಟೆಂದು 1930ರ ದಶಕದಲ್ಲಿ ಥಿಮಾನ್ ಮತ್ತು ಸ್ಕೂಗ್ ತೋರಿಸಿಕೊಟ್ಟರು. ತುದಿಯನ್ನು ಕೆಳಕ್ಕೆ ಇಳಿಸಿದೊಡನೆಯೇ ಅದರ ಒಡೆತನ ಸಡಿಲಿ, ಈಗ ಎಲ್ಲಕ್ಕಿಂತ ಎತ್ತರದಲ್ಲಿರುವ ಕಮಾನಿನ ಬೆನ್ನಿನ ಕಣ್ಣುಗಳು ಒಡೆದು, ದಷ್ಟಪುಷ್ಟವಾದ ಚಿಗುರುಗಳು ನೇರವಾಗಿ ಮೇಲೇಳುತ್ತವೆ. ದ್ರಾಕ್ಷಿಯ ಬಳ್ಳಿಯನ್ನೂ ಗುಲಾಬಿಯ ಕೊಂಬೆಯನ್ನೂ ಮಲಗಿಸಿ ಕಟ್ಟಿ ಹೆಚ್ಚು ಹೂಹಣ್ಣು ಪಡೆಯುವ ತೋಟಗಾರನಿಗೆ ಇದು ವರ. ಇಳಿಗೊಂಬೆಯ ಕಲೆಗಾರನಿಗೆ ಇದರಿಂದ ಲಾಭವೂ ಇದೆ, ಅಪಾಯವೂ ಇದೆ. ಮೇಲೆದ್ದ ಆ ಚಿಗುರುಗಳನ್ನು ಹಾಗೆಯೇ ಬಿಟ್ಟರೆ ಆಹಾರವೆಲ್ಲ ಅವಕ್ಕೇ ಸೇರಿ, ಇಳಿದ ತುದಿಗಳು ಬಡವಾಗಿ, ನೆರಳಿನಲ್ಲಿ ಸಿಕ್ಕಿ ಸಾಯುತ್ತವೆ. ಎಲ್ಲವನ್ನೂ ಚಿವುಟಿ ಹಾಕಿದರೆ ನಾಳಿನ ಕೊಂಬೆಗಳಿಗೆ ಬೀಜವೇ ಇಲ್ಲದಂತಾಗುತ್ತದೆ. ಆದುದರಿಂದ ಕೆಲವನ್ನು ಚಿವುಟಿ, ಕೆಲವನ್ನು ಉಳಿಸಿ, ಉಳಿಸಿದವನ್ನು ಮುಂದೆ ಇಳಿಸಿ, ಸವೆದ ಹಳೆಯವನ್ನು ತೆಗೆಯುತ್ತಾನೆ. ಬಯಲಿನ ಇಳಿಮರವೂ ತನ್ನ ಮುಡಿಯನ್ನು ಬೆಳೆಸುವುದು ಹೀಗೆಯೇ: ಹಳೆಯ ಕಮಾನಿನ ಬೆನ್ನಿನಿಂದ ಹೊಸ ರೆಂಬೆ ಎದ್ದು, ಬಾಗಿ, ಹಳೆಯದರ ಮೇಲೆ ಇನ್ನೊಂದು ಪದರವಾಗಿ ಇಳಿಯುತ್ತದೆ, ಒಳಗಿನ ಪದರ ಬೆಳಕಿಲ್ಲದೆ ಒಣಗುತ್ತದೆ.

ವಿಲೋ ಮರವನ್ನೇ ಕುಂಡದಲ್ಲಿ ಬೆಳೆಸಬೇಕೆನ್ನುವವರಿಗೆ ಮೊದಲ ಹೆಜ್ಜೆ ಬಹು ಸುಲಭ. ಅದರ ತೊಗಟೆಯೊಳಗೆ ಬೇರಿನ ಅಂಕುರಗಳು ಮೊದಲೇ ಸಿದ್ಧವಾಗಿ ನಿದ್ರಿಸುತ್ತಿರುವುದರಿಂದ, ತೋಳುಗಾತ್ರದ ತುಂಡನ್ನು ನೀರಿನಲ್ಲಿ ನಿಲ್ಲಿಸಿದರೂ ಬೇರೊಡೆಯುತ್ತದೆ. ಮುಂದಿನ ಹೆಜ್ಜೆಗಳು ಕಷ್ಟದವು: ಬೇರು ಅತಿವೇಗವಾಗಿ ಕುಂಡವನ್ನು ತುಂಬುತ್ತದೆ, ನೀರಿನ ದಾಹ ತೀರುವುದೇ ಇಲ್ಲ, ಮತ್ತು ವರ್ಷಗಟ್ಟಲೆ ತಿದ್ದಿದ ಕೊಂಬೆ ಒಂದು ಚಳಿಗಾಲದಲ್ಲಿ ಕಾರಣ ತೋರದೆ ಒಣಗಿಹೋಗುವುದುಂಟು.

ಜಪಾನಿನ ಫುಕುಷಿಮಾ ಪ್ರಾಂತದ ಮಿಹಾರು ಎಂಬ ಊರಿನಲ್ಲಿ, 1,000 ವರ್ಷಗಳಿಗೂ ಹೆಚ್ಚು ವಯಸ್ಸಾಗಿದೆಯೆಂದು ಹೇಳಲಾಗುವ ಇಳಿಚೆರಿಯೊಂದಿದೆ; 1922ರಲ್ಲಿ ಅದನ್ನು ರಾಷ್ಟ್ರದ ಪ್ರಾಕೃತಿಕ ಸ್ಮಾರಕವೆಂದು ಘೋಷಿಸಿದರು. ಹಬ್ಬಿದ ಅದರ ಕೊಂಬೆಗಳಿಗೆ ಕೆಳಗಿನಿಂದ ಮರದ ಊರೆಗಳನ್ನು ಕೊಟ್ಟಿದ್ದಾರೆ. ಹುಟ್ಟಿನಿಂದಲೇ ಇಳಿಯುವ ಸ್ವಭಾವವುಳ್ಳ ಇಂಥ ಚೆರಿಯನ್ನು ಕುಂಡದಲ್ಲಿ ಬೆಳೆಸುವಾಗ ಕಲೆಗಾರನ ಕೆಲಸ ಟ್ಯಾಮರಿಸ್ಕಿನಲ್ಲಿ ಮಾಡಿದ್ದಕ್ಕೆ ತದ್ವಿರುದ್ಧವಾಗುತ್ತದೆ. ಇದರಲ್ಲಿ ಕೊಂಬೆಗಳನ್ನು ಇಳಿಸುವ ಶ್ರಮವಿಲ್ಲ. ಕಾಂಡವಾಗಬೇಕಾದ ಕುಡಿಯೇ ಬಾಗಿಬಿಡುವುದರಿಂದ, ಅದನ್ನು ಬಿದಿರುಕಡ್ಡಿಗೆ ಕಟ್ಟಿಯೋ ತಂತಿಯಿಂದ ಹಿಡಿದೋ ಬೇಕಾದ ಎತ್ತರಕ್ಕೆ ಏರಿಸಬೇಕು, ಮತ್ತು ಕಟ್ಟಿಗೆ ಬಲಿತು ತಾನೇ ನಿಲ್ಲುವವರೆಗೆ ಆ ಆಸರೆಯನ್ನು ತೆಗೆಯಕೂಡದು. ನೆಟ್ಟಗಿನ ಜಾತಿಯ ಎತ್ತರವಾದ ಕಾಂಡದ ಮೇಲೆ ಇಳಿಚೆರಿಯ ಕಣ್ಣನ್ನು ಕಸಿಮಾಡುವುದು ಇನ್ನೊಂದು ಉಪಾಯ. ಹೂಮೊಗ್ಗುಗಳು ಹಿಂದಿನ ಬೇಸಗೆಯಲ್ಲಿ ಬೆಳೆದ ರೆಂಬೆಗಳಲ್ಲಿಯೇ ಕೂಡುವುದರಿಂದ, ಚಳಿಗಾಲದಲ್ಲಿ ಕತ್ತರಿ ಹಾಕಿದರೆ ಆ ವರ್ಷದ ಹೂವಿನ ಆಸೆಯನ್ನು ಬಿಡಬೇಕಾಗುತ್ತದೆ. ಹೂವು ಉದುರಿದ ಕೂಡಲೇ, ಎಲೆಗಳು ಪೂರ್ಣವಾಗಿ ಬಿಚ್ಚಿಕೊಳ್ಳುವುದಕ್ಕೆ ಮೊದಲು, ಇಳಿದ ರೆಂಬೆಯನ್ನು ಕೆಲವು ಕಣ್ಣುಗಳಿಗೆ ಸವರಬೇಕು. ಕತ್ತರಿಯ ಬಾಯಿಗೆ ಹತ್ತಿರವಾಗಿ ಉಳಿಯುವ ಕೊನೆಯ ಕಣ್ಣು ಇದರಲ್ಲಿಯೂ ಮೇಲ್ಮೈಯದೇ ಆಗಿರಬೇಕು, ಏಕೆಂದರೆ ಮುಂದಿನ ಕಮಾನು ಹೊರಡುವುದು ಅದರಿಂದಲೇ.